ಆಮೇಲಿನಕ್ಕನ ಭಾರ

ನಮ್ಮ ತರಬೇತಿ ಕೇಂದ್ರದ ಮೇಷ್ಟರುಗಳಿಗೇನು, ಮಾತಾಡಿ, ಪ್ರಮಾಣಪತ್ರ ಹಂಚಿ, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರೆ ಮುಗಿಯಿತು. ಕಲಿತವರಿಗೆ ಕೆಲಸ ಕೈಗೆ ಹತ್ತಿತೋ ಇಲ್ಲವೋ ಎಂದು ಆಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದವಳು ಒಬ್ಬಳೇ. ಅದಕ್ಕೇ ಅವಳನ್ನು ಆಮೇಲಿನಕ್ಕ ಎನ್ನುತ್ತಿದ್ದೆವು.

ಹಾಸಿಗೆ ಹಿಡಿದ ರೋಗಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದನ್ನು ನಾವು ಆಯಾಗಳಿಗೆ ಕಲಿಸುತ್ತಿದ್ದೆವು. ಅಭ್ಯಾಸಕ್ಕೆ ಒಬ್ಬರು ರೋಗಿಯಾಗಬೇಕು. ಉಳಿದವರೆಲ್ಲ ಮೂಗು ಮುರಿದರೆ ಅಕ್ಕ ಮಾತ್ರ ಯಾರೂ ಕೇಳುವ ಮೊದಲೇ ಚಪ್ಪಲಿ ಬಿಟ್ಟು ಮಂಚ ಏರುತ್ತಿದ್ದಳು. "ಬೆನ್ನ ಹಿಂದೆ ಕೈ ಹಾಕಿ, ಹೆದರಬೇಡಿ. ನಾನೇನು ಗಾಜಲ್ಲ" ಎಂದು ನಗುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಒಂದೇ ಕೋಣೆ, ಒಂದೇ ತಟ್ಟೆ. ಬಸ್ಸಿನ ನೂಕುನುಗ್ಗಲು ಬಿಟ್ಟರೆ ಅವಳನ್ನು ಮುಟ್ಟುತ್ತಿದ್ದವರು ಈ ಆಯಾಗಳು ಮಾತ್ರ. ಮನೆಗೆ ಹೋದ ಮೇಲೂ ಭುಜದ ಮೇಲೆ ಆ ಕೈಗಳು ಇದ್ದಂತೆಯೇ ಅನಿಸುತ್ತದೆ ಎಂದು ನನ್ನೆದುರು ಒಮ್ಮೆ ಬಾಯಿಬಿಟ್ಟಿದ್ದಳು.

ಒಂದು ದಿನ ಹೆಂಗಸರ ವಾರ್ಡಿನಿಂದ ಹೊಸ ಆಯಾ ಫೋನ್ ಮಾಡಿದಳು. ತರಬೇತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಎತ್ತಿದವಳು ಅವಳೇ.

"ಅಕ್ಕಾ, ಅಜ್ಜಿ ಒಬ್ರು ನನ್ ಕೈಯಿಂದ ಜಾರಿ ನೆಲಕ್ಕೆ ಕೂತ್ಬಿಟ್ರು. ಏಟಾಗಿಲ್ಲ, ಪುಣ್ಯ. ನಾಳೆ ಸಿಸ್ಟರ್ ಎದುರಿಗೇ ಎತ್ತಬೇಕಂತೆ. ಆಗ್ಲಿಲ್ಲ ಅಂದ್ರೆ ಮನೆಗೆ ಹೋಗು ಅಂದಿದಾರೆ. ಮಕ್ಕಳ ಗತಿ ಏನಕ್ಕಾ?"

ಅಕ್ಕ ಅಂದೇ ಹೋದಳು, ಜೊತೆಗೆ ನಾನೂ ಹೋದೆ. ಮೂಲೆಯ ಖಾಲಿ ಮಂಚಕ್ಕೆ ಪರದೆ ಎಳೆದು ಅಕ್ಕ ಮಲಗಿದಳು. ಆಯಾ ಒಂದೇ ಸಲಕ್ಕೆ ಎತ್ತಿ ಕೂರಿಸಿಬಿಟ್ಟಳು.

"ನೋಡಿ, ನೀವು ಅಜ್ಜಿಯ ಎರಡರಷ್ಟಿದ್ದೀರಿ. ನಿಮ್ಮನ್ನ ಎತ್ತೋದು ನೀರು ಕುಡಿದಷ್ಟು ಸುಲಭ. ಕಡ್ಡಿಯಂಥ ಅಜ್ಜಿ ಕಲ್ಲಾಗ್ತಾರೆ!"

ನಾನು ನಕ್ಕೆ. ಅಕ್ಕ ನಗಲಿಲ್ಲ. ಅವಳ ತೋಳು ಇನ್ನೂ ಆಯಾಳ ಕೊರಳಲ್ಲೇ ಇತ್ತು. ಅದನ್ನು ಮೆಲ್ಲನೆ ತೆಗೆದಳು.

"ತಪ್ಪು ನಿಂದಲ್ಲ ಕಣೇ. ನೀನು ಕೈ ಹಾಕೋದೇ ತಡ, ನಾನೇ ಎದ್ದು ಬರ್ತಿದ್ದೀನಿ. ಅಜ್ಜಿ ಬರ್ತಾರಾ?"

ಎತ್ತಿಸಿಕೊಳ್ಳಲು ಕಾದು ಮಲಗಿದವಳನ್ನು ಎತ್ತಿ ಎತ್ತಿಯೇ ನಮ್ಮ ಆಯಾಗಳೆಲ್ಲ ಪಾಸಾಗಿದ್ದರು. ನಮ್ಮ ಮೇಷ್ಟರುಗಳ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ, ಆ ಮಹಾನುಭಾವರು ಅಷ್ಟು ಹೊತ್ತಿಗೆ ಚಹಾಕ್ಕೆ ಹೋಗಿರುತ್ತಿದ್ದರು.

ಅಕ್ಕ ಮತ್ತೆ ಮಲಗಿ ಮೈ ಸಡಿಲ ಬಿಟ್ಟಳು. ಅದೇನು ಸುಲಭವೇ? ಬೆನ್ನಿಗೆ ಕೈ ತಾಗಿದರೆ ಸಾಕು, ಕೊರಳು ತಾನಾಗಿ ಏಳುತ್ತಿತ್ತು. "ಅಕ್ಕಾ, ಮತ್ತೆ ಎದ್ರಿ!" ಎಂದು ಆಯಾಳೇ ಗದರಿದಳು. ಅಕ್ಕ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಹೆಣದಂತೆ ಬಿದ್ದುಕೊಂಡಳು. ಆಯಾ ಬೆವರಿ, ಎಡವಿ, ಕೊನೆಗೆ ಮೊದಲು ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗಿಳಿಸಿ, ಮೊಣಕಾಲಿಗೆ ಮೊಣಕಾಲು ಒತ್ತಿ ಪೂರ್ತಿ ಭಾರವನ್ನು ಎತ್ತಿದಳು. ಕುರ್ಚಿಯಲ್ಲಿ ಕೂತ ಅಕ್ಕನ ಕೆನ್ನೆ ಒದ್ದೆಯಾಗಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮರುದಿನ ಫೋನ್ ಬಂತು. "ಪಾಸಾದೆ ಅಕ್ಕಾ! ಸಿಸ್ಟರ್ ಬೆನ್ನು ತಟ್ಟಿದ್ರು. ಇನ್ನು ನೀವು ಅಲೀಬೇಡಿ, ಇಲ್ಲಿನೋರಿಗೆ ನಾನೇ ಹೇಳ್ಕೊಡ್ತೀನಿ."

"ಒಳ್ಳೇದಾಯ್ತು ಬಿಡು" ಎಂದಳು ಅಕ್ಕ. ನಿಜವಾಗಿಯೂ ಖುಷಿಯಾಗಿತ್ತು. ಆಮೇಲೆ ನೇರವಾಗಿ ನಮ್ಮ ಕೇಂದ್ರದ ಸಾಹೇಬರ ಕೋಣೆಗೆ ಹೋಗಿ, ರೋಗಿಯ ಜಾಗಕ್ಕೆ ಮರಳು ತುಂಬಿದ ಬೊಂಬೆ ಮಾಡಿಸಿ ಎಂದು ತಾನೇ ಹೇಳಿ ಬಂದಳು.

ಮುಂದಿನ ತರಬೇತಿಯಲ್ಲಿ ಬೊಂಬೆ ಮಂಚದ ಮೇಲಿತ್ತು. ಆಯಾಗಳು ಏದುಸಿರು ಬಿಡುತ್ತಾ ಅದನ್ನು ಎತ್ತುತ್ತಿದ್ದರು. ಅಕ್ಕ ಗೋಡೆಗೆ ಒರಗಿ "ಬೆನ್ನ ಹಿಂದೆ ಕೈ ಹಾಕಿ" ಎನ್ನುತ್ತಿದ್ದಳು.

"ಅಕ್ಕಾ, ನೆಲ ತಣ್ಣಗಿದೆ, ಚಪ್ಪಲಿ ಯಾಕೆ ಬಿಟ್ರಿ?" ಎಂದು ಯಾರೋ ಕೇಳಿದರು.

ಅಕ್ಕ ತನ್ನ ಬರಿಗಾಲನ್ನು ನೋಡಿಕೊಂಡಳು. ಚಪ್ಪಲಿ ಮಂಚದ ಪಕ್ಕದಲ್ಲಿತ್ತು.