ಅರಗಿನ ತಟ್ಟೆಯ ಮೊದಲ ಮುಖ

ಬಟ್ಟೆ ಕಪ್ಪಾದಾಗ ಹಲ್ಲಪ್ಪನಿಗೆ ಸಂತೋಷವೇ ಆಯಿತು. ಎಷ್ಟೋ ವರ್ಷದ ಕೊಳೆ ಬಿಡುತ್ತಿದೆ ಎಂದುಕೊಂಡ. ಕೆಲಸದ ಮೇಜಿನ ಮೇಲೆ, ಅರ್ಧ ಮುಗಿದ ಎರಡು ದವಡೆಗಳನ್ನು ಪಕ್ಕಕ್ಕೆ ಸರಿಸಿ, ಗ್ರಾಮಫೋನ್ ತಟ್ಟೆಯನ್ನು ಮಲಗಿಸಿದ್ದ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಗೆರೆಗಳ ಜಾಡು ಹಿಡಿದು ಒರೆಸುತ್ತಿದ್ದ. ಮಡಿಕೆ ಬದಲಿಸಿ ಮತ್ತೊಂದು ಸುತ್ತು ಒರೆಸಿದ. ಬಟ್ಟೆ ಇನ್ನೂ ಕಪ್ಪಾಯಿತು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಳಪು ಹೋಗಿತ್ತು. ಬೆರಳು ತಾಗಿಸಿದರೆ ಅಂಟಿಕೊಂಡಿತು.

ಕರಗುತ್ತಿದ್ದದ್ದು ತಟ್ಟೆಯೇ ಎಂದು ಆಗ ತಿಳಿಯಿತು.

ಅವನು ಕಟ್ಟುಹಲ್ಲು ಮಾಡುವವನು. ಹಲ್ಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಈಗ ಅಕ್ಕನೂ ಹಾಗೇ ಕರೆಯುತ್ತಾಳೆ. ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಒಂದು ಅಕ್ಕನದು, ಇನ್ನೊಂದು ತಟ್ಟೆಗಳದು. ಅವನು ಮಲಗುವುದು ತಟ್ಟೆಗಳ ನಡುವೆ ಉಳಿದ ಜಾಗದಲ್ಲಿ.

ತಟ್ಟೆಗಳೆಲ್ಲ ಸೋವಿಯತ್ ಕಾಲದವು. ದೊಡ್ಡ ಹೆಸರುಗಳು ಅವನಿಗೆ ಬೇಡ. ಸಂಗೀತದ ವಿಶ್ವಕೋಶಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋದವರನ್ನು ಹುಡುಕುತ್ತಾನೆ. ಅವರಲ್ಲೊಬ್ಬನ ಬೆನ್ನು ಹತ್ತಿ ಹಲ್ಲಪ್ಪನ ಅರ್ಧ ಆಯುಷ್ಯವೇ ಸವೆದಿದೆ. ಕಾರ್ಖಾನೆಗಳಿಗೂ ಟ್ರ್ಯಾಕ್ಟರುಗಳಿಗೂ ಹಾಡು ಕಟ್ಟಿದವನು ಎಂದಷ್ಟೇ ಆ ಸಂಯೋಜಕನ ಬಗ್ಗೆ ಕೋಶ ಹೇಳುತ್ತದೆ.

"ನಿನ್ನ ಟ್ರ್ಯಾಕ್ಟರ್ ಸಾಹೇಬನಿಗೆ ಸ್ವಲ್ಪ ಬಾಯಿ ಮುಚ್ಚೋಕೆ ಹೇಳು, ಊಟ ಆರ್ತಾ ಇದೆ" ಎಂದು ಅಕ್ಕ ದಿನವೂ ಕೂಗುತ್ತಾಳೆ.

ಆದರೆ ಅದೇ ಸಾಹೇಬ ನಾಲ್ಕು ತಂತಿವಾದ್ಯಗಳಿಗೆ ಬರೆದ ಒಂದು ಕೃತಿಯ ಅಚ್ಚಾದ ಸ್ವರಲಿಪಿ ಹಲ್ಲಪ್ಪನ ಕೈಗೆ ಸಿಕ್ಕಿತ್ತು. ಅದರ ನಿಧಾನದ ಭಾಗವನ್ನು ಓದಿದಾಗಿನಿಂದ ಅವನಿಗೆ ಅನುಮಾನ, ಇವನನ್ನು ಜಗತ್ತು ತಪ್ಪು ತಿಳಿದಿದೆ ಎಂದು. ತಟ್ಟೆ ಸಂಗ್ರಹಿಸುವವರ ಪುಟ್ಟ ಪತ್ರಿಕೆಯಲ್ಲಿ ಹಾಗೆಂದು ಬರೆದ. "ಕಾಗದ ನೆಕ್ಕಿದರೆ ರುಚಿ ಗೊತ್ತಾಗುವುದಿಲ್ಲ. ಮೊದಲು ಕೇಳಿಸಿ" ಎಂದು ಒಬ್ಬ ಓದುಗ ಉತ್ತರಿಸಿದ. ಕೇಳಿಸಲು ಧ್ವನಿಮುದ್ರಣ ಎಲ್ಲಿಯೂ ಇರಲಿಲ್ಲ.

ಅದು ಸಿಕ್ಕಿದ್ದು ಹಲ್ಲಿನ ಕುರ್ಚಿಯಲ್ಲಿ. ಭೂಗೋಳ ಕಲಿಸಿ ನಿವೃತ್ತರಾದ ಟೀಚರೊಬ್ಬರು ಹಲ್ಲಿನ ಸೆಟ್ಟು ಮಾಡಿಸಲು ಬಂದಿದ್ದರು. ಒಳಗೆ ಟ್ರ್ಯಾಕ್ಟರ್ ಸಾಹೇಬನ ತಟ್ಟೆಯೊಂದು ಹಾಡುತ್ತಿತ್ತು. ಬಾಯಿ ತುಂಬ ದವಡೆಯ ಅಚ್ಚಿನ ಹಿಟ್ಟು ತುಂಬಿಕೊಂಡು ಕೂತವರು ಇದ್ದಕ್ಕಿದ್ದಂತೆ ಕೈ ಬೀಸತೊಡಗಿದರು. ವಾಂತಿ ಇರಬೇಕೆಂದು ಹಲ್ಲಪ್ಪ ಬೇಸಿನ್ ಹಿಡಿದ.

ಅಚ್ಚು ತೆಗೆದ ಮೇಲೆ ಅವರು ಹೇಳಿದರು. "ಬೇಸಿನ್ ಯಾಕಪ್ಪಾ? ಇದು ಆ ಕಾರ್ಖಾನೆ ಹಾಡಿನವನದಲ್ವಾ? ನಮ್ಮನೆಯವರು ಇವನನ್ನ ನೋಡಿದ್ರು."

ಅವರ ಗಂಡ ಹರೆಯದಲ್ಲಿ ಸೋವಿಯತ್ ನಾಡಿಗೆ ಹೋಗಿ, ಪಿಟೀಲಿನ ದೊಡ್ಡಣ್ಣನಂಥ ಸೆಲ್ಲೋ ಕಲಿತವರು. ಮೂವರು ಸಹಪಾಠಿಗಳ ಜೊತೆ ಅದೇ ನಿಧಾನದ ಭಾಗವನ್ನು ನುಡಿಸಿದ್ದರು, ಅದರ ಧ್ವನಿಮುದ್ರಣವೂ ಆಗಿತ್ತು. ಅಲ್ಲಿನ ಸರ್ಕಾರದ ಮೇಲಿನವರಿಗೆ ಅದರ ದುಃಖ ಹಿಡಿಸಲಿಲ್ಲ. ಅಂಗಡಿ ಸೇರುವ ಮೊದಲೇ ತಟ್ಟೆಗಳನ್ನು ವಾಪಸು ತರಿಸಿ ಪುಡಿ ಮಾಡಿದರು. ಒಂದು ಮಾತ್ರ ಬಟ್ಟೆಗಳ ನಡುವೆ ಅವಿತು ಇಲ್ಲಿಗೆ ಬಂತು. ಊರಿಗೆ ಮರಳಿದ ಮೇಲೆ ಗಂಡನ ಕೈ ನಡುಗತೊಡಗಿ ಸೆಲ್ಲೋ ಮೂಲೆ ಸೇರಿತು. ಆಮೇಲೆ ಅವರೂ ಹೋದರು. ಅವರು ನುಡಿಸಿದ್ದು ಆ ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಮನೆಯ ಗ್ರಾಮಫೋನ್ ಕೆಟ್ಟು ಎಷ್ಟೋ ಕಾಲವಾಗಿತ್ತು.

"ನೋಡಿ, ಸಾಯೋದ್ರೊಳಗೆ ಒಂದು ಸಲ ಕೇಳಬೇಕು. ಆಮೇಲೆ ನಿಮ್ಮ ಪತ್ರಿಕೆಯವರಿಗೆ ಬೇಕಾದ್ರೆ ಕೇಳಿಸಿ" ಎಂದು ತಂದುಕೊಟ್ಟರು.

ಹಳೆಯ ತಟ್ಟೆಗಳು ಅರಗಿನವು, ಅನಂತರದವು ಪ್ಲಾಸ್ಟಿಕ್ಕಿನವು. ಪ್ಲಾಸ್ಟಿಕ್ಕಿಗೆ ಸ್ಪಿರಿಟ್ ಒಗ್ಗುತ್ತದೆ, ಅರಗು ಕರಗುತ್ತದೆ. ಇದು ಹಲ್ಲಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಸೆಟ್ಟಿನ ಅಳತೆ ನೋಡಲು ಅವನು ಒತ್ತುವುದೇ ಅರಗಿನ ಹಾಳೆಯನ್ನು. ಬೆರಳಿಗೆ ಮೆತ್ತಿದ್ದನ್ನು ತೆಗೆಯುವುದೇ ಸ್ಪಿರಿಟ್‌ನಿಂದ. ಆದರೆ ಟೀಚರು ಆ ತಟ್ಟೆಯನ್ನು ಯಾವುದೋ ಪ್ಲಾಸ್ಟಿಕ್ ತಟ್ಟೆಯ ಲಕೋಟೆಯಲ್ಲಿ ಇಟ್ಟಿದ್ದರು. ಎತ್ತಿದಾಗ ಅರಗಿನ ಭಾರ ಕೈಗೆ ತಿಳಿದಿತ್ತು. ಮನಸ್ಸು ಆಗಲೇ ಸಂಗೀತ ಕೇಳುತ್ತಿತ್ತು. ಕೈ ತನ್ನ ಅಭ್ಯಾಸದಂತೆ ಬಾಟಲಿ ಬಗ್ಗಿಸಿತು.

ಅಕ್ಕ ಬಂದು ಮೇಜು ನೋಡಿದಳು, ತಮ್ಮನ ಮುಖ ನೋಡಿದಳು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ತರುವಾಗಲೇ ಹಾಳಾಗಿತ್ತು ಅಂದುಬಿಡು. ಹಳೇ ತಟ್ಟೆ. ಅವರು ಎಲ್ಲಿ ಪತ್ತೆ ಹಚ್ತಾರೆ?"

"ಹಚ್ಚಲ್ಲ."

"ಮತ್ತೆ?"

ಅವನು ಬಟ್ಟೆ ಮಡಚುತ್ತಾ ಕೂತ.

ಗ್ರಾಮಫೋನಿನ ಮುಳ್ಳು ಇಟ್ಟು ನೋಡಿದ. ಮೊದಲ ಮುಖದಲ್ಲಿ ಮರಳು ಹುರಿದಂಥ ಸದ್ದು ಬಿಟ್ಟರೆ ಏನಿಲ್ಲ. ಒರೆಸದ ಎರಡನೆಯ ಮುಖ ಸರಿಯಾಗಿತ್ತು. ಕೃತಿ ಅಲ್ಲಿ ನಡುವಿನಿಂದ ಶುರುವಾದರೂ ಅವನ ಅನುಮಾನ ನಿಜವೆಂದು ತಿಳಿಯಲು ಅಷ್ಟು ಸಾಕಾಯಿತು. ಟ್ರ್ಯಾಕ್ಟರಿನ ಹಾಡು ಕಟ್ಟಿದವನು ಇದನ್ನೂ ಬರೆದಿದ್ದ. ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಯ ಸದ್ದು ನಿಂತಿತು. ತಟ್ಟೆ ಮುಗಿಯುವವರೆಗೆ ಅವಳು ಊಟಕ್ಕೆ ಕರೆಯಲಿಲ್ಲ.

ಟೀಚರು ಬಂದಾಗ ಅವನು ನಿಂತುಕೊಂಡೇ ಹೇಳಿದ.

"ಟೀಚರ್, ಮೊದಲ ಮುಖ ನಾನು ಹಾಳು ಮಾಡಿದೆ. ಸ್ಪಿರಿಟ್ ಹಾಕಿ ಒರೆಸಿಬಿಟ್ಟೆ."

ಅವರು ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳಾಡಿಸಿದರು. "ಗೊತ್ತಿದ್ದೂನಾ?"

"ಗೊತ್ತಿದ್ದೂ. ಆ ಹೊತ್ತಲ್ಲಿ ಹೊಳೀಲಿಲ್ಲ."

"ಇನ್ನೊಂದು ಮುಖ ಹಾಕಿ."

ಕೊನೆಯವರೆಗೂ ಕೇಳಿದರು. ಪಿಟೀಲುಗಳು ಮೇಲೆ ಹಾಡುತ್ತಿದ್ದವು. ಸೆಲ್ಲೋ ಕೆಳಗೆ ಒಂದೇ ಸ್ವರವನ್ನು ಹಿಡಿದು ನಿಂತಿತ್ತು.

"ಇದರಲ್ಲಿ ಅವರದು ಶ್ರುತಿ ಹಿಡಿಯೋ ಕೆಲಸ ಅಷ್ಟೇ. ಅವರ ಸೆಲ್ಲೋ ಹಾಡಿದ್ದು ಆ ಕಡೆ ಇತ್ತು" ಎಂದರು.

ಹಲ್ಲಪ್ಪ ಬಾಯಿ ತೆರೆದ. "ಟೀಚರ್, ಈ ಅರ್ಧವನ್ನಾದ್ರೂ ಪತ್ರಿಕೆಯವರಿಗೆ..."

"ಬೇಡ. ಇಷ್ಟೇ ಕೇಳಿದ್ರೆ, ನಮ್ಮನೆಯವರಿಗೆ ಬರ್ತಿದ್ದದ್ದೇ ಇಷ್ಟು ಅಂದುಕೊಳ್ತಾರೆ. ನಿಮ್ಮ ಸಾಹೇಬನ ಮರ್ಯಾದೆ ಉಳಿಸೋಕೆ ಇವರದ್ದು ಕಳೀಬೇಡಿ."

ಅವನು ತಟ್ಟೆಯನ್ನು ಲಕೋಟೆಗೆ ಸೇರಿಸಿ ಎರಡೂ ಕೈಯಲ್ಲಿ ಕೊಟ್ಟ. ಬಾಗಿಲವರೆಗೆ ಹೋದ ಅವರು ತಿರುಗಿ, "ಹಲ್ಲು ಮಾತ್ರ ಚೆನ್ನಾಗಿ ಕೂತಿದೆ" ಎಂದರು.

ಪತ್ರಿಕೆಗೆ ಹಲ್ಲಪ್ಪ ಏನೂ ಬರೆಯಲಿಲ್ಲ. ಕೋಶದ ಹೊಸ ಮುದ್ರಣದಲ್ಲೂ ಆ ಸಂಯೋಜಕ ಕಾರ್ಖಾನೆ, ಟ್ರ್ಯಾಕ್ಟರುಗಳ ಹಾಡಿನವನಾಗಿಯೇ ಉಳಿದ. ಚಳಿಗಾಲದ ಹೊತ್ತಿಗೆ ಟೀಚರ ಕೆಳಗಿನ ಸೆಟ್ಟು ಸಡಿಲವಾಯಿತು. ಅದನ್ನು ಅವರು ಬೇರೆ ಕಡೆ ಸರಿ ಮಾಡಿಸಿಕೊಂಡರು.