ನೀರು ಯಾವ ಕಡೆ

ಊರಿಗೆಲ್ಲ ಅವನು ಬೆಂಡಣ್ಣ. ಅಪ್ಪ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ದಿನಾ ಬೆಳಿಗ್ಗೆ ಜೌಗಿನ ಕಾಲುವೆಗೆ ಇಳಿದು, ಎರಡು ಗೂಟಗಳ ನಡುವೆ ಒಂದು ಬೆಂಡು ತೇಲಿಬಿಟ್ಟು, ಅದು ಎತ್ತ ಹೋಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಜೌಗಿನ ಅಧ್ಯಯನ ಕೇಂದ್ರದ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ನೋಡುವವರಿಗೆ ಅದು ನಿಂತ ನೀರು. ಆದರೆ ಹೂಳು ಎಲ್ಲಿ ಕೂರಬೇಕು, ಮೀನು ಎಲ್ಲಿ ಮೊಟ್ಟೆ ಇಡಬೇಕು ಎಂಬುದನ್ನೆಲ್ಲ ನಡೆಸುವುದು ಆ ಕಾಣದ ಹರಿವೇ. ಅದನ್ನು ತಿಳಿಯದೆ ಜೌಗಿನ ಬಗ್ಗೆ ಮಾತಾಡುವುದು ನಾಡಿ ಹಿಡಿಯದೆ ಮದ್ದು ಕೊಟ್ಟಂತೆ.

ಜೊಂಡು ಕೊಯ್ಯುವವರಿಗೂ ಅದೇ ಜೀವಾಳ. ಹರಿವು ಹೊರಕ್ಕಿದ್ದರೆ ಹೊರೆ ತುಂಬಿದ ದೋಣಿ ತಾನಾಗಿ ದಡಕ್ಕೆ ಬರುತ್ತದೆ; ಒಳಕ್ಕಿದ್ದರೆ ನೀರು ಅದನ್ನು ಜೊಂಡಿನೊಳಗೆ ಎಳೆದು ಮಗುಚಿಬಿಡಬಹುದು. ಹಾಗಾಗಿ ಬೆಂಡಣ್ಣನನ್ನು ಕೇಳದೆ ಯಾರೂ ದೋಣಿ ಬಿಡುತ್ತಿರಲಿಲ್ಲ. ಅವನ ಮನೆಯಲ್ಲೇ ಇದ್ದ ತಂಗಿಯ ಗಂಡನೂ ಅಷ್ಟೆ.

ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೆಂಡಣ್ಣನಿಗೆ ಮೈಗಳ್ಳತನ. ಕಾಲುವೆಗೆ ಇಳಿಯದೆ ಹಿಂದಿನ ದಿನದ್ದನ್ನೇ ನಕಲು ಮಾಡಿದ. ತಂಗಿಯ ಗಂಡ ಕೇಳಿದಾಗ, “ಹೊರಕ್ಕೇ, ಹೋಗು” ಎಂದ. ಸಂಜೆ ದೋಣಿಯೊಂದೇ ಸಿಕ್ಕಿತು, ಮಗುಚಿಕೊಂಡು. ಕುಡಿದು ಮಲಗಿರಬೇಕು ಎಂದಿತು ಊರು. ಹನಿಯೂ ಮುಟ್ಟದವನ ಮೇಲೆ ಆ ಅಪವಾದ ಬಂದಾಗ ಬೆಂಡಣ್ಣ ತುಟಿಪಿಟಿಕ್ಕೆನ್ನಲಿಲ್ಲ. ಅಂದಿನಿಂದ ಬೆಂಡು ಬಿಡುವಾಗಲೆಲ್ಲ ಬೆನ್ನ ಹಿಂದೆ ಹೋದವನ ದನಿ: “ಭಾವ, ಇವತ್ತು ನೀರು ಯಾವ ಕಡೆ?” ಅವನು ತಿರುಗಿ ನೋಡುವುದಿಲ್ಲ; ಉತ್ತರ ಮಾತ್ರ ಗಟ್ಟಿಯಾಗಿ ಹೇಳುತ್ತಾನೆ. ದೋಣಿಯವರು ನಗುತ್ತಾರೆ.

ಮೊನ್ನೆ ಅಧ್ಯಯನ ಕೇಂದ್ರದ ಹುಡುಗಿ ಹಳೆಯ ಪುಸ್ತಕಗಳನ್ನು ಹಿಡಿದು ಮನೆಗೇ ಬಂದಳು. ಕಾಲುವೆಯ ಮೇಲ್ಗಡೆ, ಕೆಳಗಡೆ ಅಳೆಯುವ ಇನ್ನಿಬ್ಬರ ಪುಸ್ತಕದಲ್ಲೂ ಆ ದಿನ ನೀರು ಒಳಕ್ಕೆ ತಿರುಗಿದೆ, ನಿಮ್ಮದರಲ್ಲಿ ಮಾತ್ರ ಹೊರಕ್ಕಿದೆ ಎಂದಳು. ಇಷ್ಟು ವರ್ಷದಲ್ಲಿ ಇದೊಂದೇ ತಪ್ಪು, ಅಳಿಸಿಬಿಡಲೇ ಎಂದು ವಿನಯದಿಂದಲೇ ಕೇಳಿದಳು. ಹೂಂ ಎಂದರೆ ಮುಗಿಯಿತು, ಕೇಳುವವರಿಲ್ಲ. ಒಲೆಯ ಬಳಿ ತಂಗಿ ಬೆನ್ನು ಮಾಡಿ ನಿಂತಿದ್ದಳು.

ಬೆಂಡಣ್ಣ ಪುಸ್ತಕವನ್ನು ಅವಳ ಕಡೆಗೇ ಸರಿಸಿದ. “ಬೇಡಮ್ಮ. ಅದು ತಪ್ಪಲ್ಲ, ಸುಳ್ಳು. ಹಾಗಂತಲೇ ಬರ್ಕೊಳ್ಳಿ. ಅವತ್ತು ನಾನು ನೀರಿಗೇ ಇಳೀಲಿಲ್ಲ.”

ಹುಡುಗಿ ಬರೆದುಕೊಂಡು ಹೊರಟುಹೋದಳು. ಅವನು ತಂಗಿಯ ಕಡೆ ನೋಡುವ ಧೈರ್ಯವಿಲ್ಲದೆ ಕೂತಿದ್ದ.

“ನಂಗೆ ಅವತ್ತೇ ಗೊತ್ತಿತ್ತು, ಅಣ್ಣ,” ಎಂದಳು ಅವಳು. “ನಿನ್ನ ಬಟ್ಟೆ ಒಗೆಯೋಳು ನಾನು. ಅವತ್ತು ಅದ್ರಲ್ಲಿ ಕೆಸರೇ ಇರ್ಲಿಲ್ಲ.”

ಮತ್ತೆ ಯಾಕೆ ಕೇಳಲಿಲ್ಲ ಎಂದ.

“ನೀನೇ ಹೇಳ್ಲಿ ಅಂತ.”

ಒಂಬತ್ತು ವರ್ಷ ಎರಡು ಹೊತ್ತೂ ಅವಳು ಅವನಿಗೆ ಊಟ ಬಡಿಸಿದ್ದಳು, ಎಲ್ಲ ಗೊತ್ತಿದ್ದೇ.