ಕತ್ತರಿ ಅಕ್ಕ ಬಿಚ್ಚಿ ಹೊಲಿದ ಸೈಕಲ್ ಹಾಡು

ಕತ್ತರಿ ಅಕ್ಕನ ಕಥೆಯನ್ನು ಅವಳ ಮುತ್ತಜ್ಜನಿಂದಲೇ ಶುರು ಮಾಡಬೇಕು. ಇಲ್ಲದಿದ್ದರೆ ಅವಳು ಅರ್ಥವಾಗುವ ಹೆಂಗಸಲ್ಲ.

ಒಂದು ಸಲ ಊರಿಗೆ ಸರ್ಕಸ್ಸು ಬಂದು, ನೋಡುವವರಿಲ್ಲದೆ, ಆನೆ ಒಂಟೆಗಳನ್ನು ಹೊಡೆದುಕೊಂಡು ಹೇಳದೆ ಕೇಳದೆ ಜಾಗ ಖಾಲಿ ಮಾಡಿತಂತೆ. ಬಿಟ್ಟುಹೋದದ್ದು ಡೇರೆಯನ್ನು ಮಾತ್ರ. ಮುತ್ತಜ್ಜ ಆ ಡೇರೆಯನ್ನು ಬಿಚ್ಚಿ ಬೀದಿಯ ಗಂಡಸರಿಗೆಲ್ಲ ಪ್ಯಾಂಟು ಹೊಲಿದುಕೊಟ್ಟ. ಡೇರೆ ಬಟ್ಟೆ ಮೊಣಕಾಲಿನಲ್ಲಿ ಮಡಿಯುವ ಜಾತಿಯದ್ದಲ್ಲ. ಹಾಗಾಗಿ ಆ ಕಾಲದ ಗಂಡಸರೆಲ್ಲ ನಿಂತೇ ಹರಟೆ ಹೊಡೆಯುತ್ತಿದ್ದರು. ಆದರೆ ಎಂಥ ಮಳೆಯಲ್ಲೂ ಸೊಂಟದಿಂದ ಕೆಳಗೆ ನೆನೆದವನು ಒಬ್ಬನೂ ಇರಲಿಲ್ಲ.

ಅವನ ಮಗಳು, ಅಂದರೆ ಅಕ್ಕನ ಅಜ್ಜಿ, ನಾಟಕದ ಕಂಪನಿಯವರು ಎಸೆದ ಅರಮನೆಯ ಪರದೆಯನ್ನು ತಂದು ತನ್ನ ನಾಲ್ಕು ಹೆಣ್ಣುಮಕ್ಕಳಿಗೆ ಲಂಗ ಮಾಡಿದಳು. ಒಬ್ಬಳ ಲಂಗದಲ್ಲಿ ಬಾಗಿಲು, ಒಬ್ಬಳದರಲ್ಲಿ ಕಂಬ, ಒಬ್ಬಳದರಲ್ಲಿ ಅರ್ಧ ನವಿಲು, ಮತ್ತೊಬ್ಬಳದರಲ್ಲಿ ಉಳಿದರ್ಧ. ನಾಲ್ವರೂ ಸರಿಯಾದ ಸಾಲಿನಲ್ಲಿ ನಿಂತರೆ ಅರಮನೆ ಪೂರ್ತಿಯಾಗುತ್ತಿತ್ತು. ಜಗಳವಾಡಿದ ದಿನ ನವಿಲಿನ ತಲೆ ಬೀದಿಯ ಆ ತುದಿಯಲ್ಲಿ, ಬಾಲ ಈ ತುದಿಯಲ್ಲಿ.

ಆ ಅಜ್ಜಿಯ ಮಗ, ಅಂದರೆ ಅಕ್ಕನ ಅಪ್ಪ, ಈ ಇಬ್ಬರನ್ನೂ ಮೀರಿಸಿದವನು. ಅವನ ಹತ್ತಿರ ಒಂದು ಕರಿ ಕೋಟಿತ್ತು. ಬೀದಿಯ ಯಾವ ಹುಡುಗನಿಗೆ ಮದುವೆಯಾದರೂ ಅದನ್ನೇ ಹಿಗ್ಗಿಸಿ ಕುಗ್ಗಿಸಿ ಅವನ ಮೈಗೆ ಕೂರಿಸುತ್ತಿದ್ದ. ನಮ್ಮ ಬೀದಿಯ ಮದುವೆ ಫೋಟೋಗಳನ್ನು ಸಾಲಾಗಿಟ್ಟು ನೋಡಿ. ಗಂಡು ಬೇರೆ, ಹೆಣ್ಣು ಬೇರೆ, ಕೋಟು ಒಂದೇ. ನನ್ನ ಫೋಟೋದಲ್ಲೂ ಅದೇ. ನನ್ನ ಸರದಿಗೆ ಹೊಲಿಯಲು ಹೊತ್ತು ಸಾಲದೆ ಬೆನ್ನಿಗೆ ಪಿನ್ನು ಚುಚ್ಚಿದ್ದ. ಫೋಟೋದಲ್ಲಿ ನಾನು ಅಷ್ಟು ನೆಟ್ಟಗೆ ನಿಂತಿರುವುದು ಗತ್ತಿನಿಂದ ಎಂದು ನನ್ನ ಹೆಂಡತಿ ಇವತ್ತಿಗೂ ನಂಬಿದ್ದಾಳೆ.

ಇಷ್ಟೆಲ್ಲ ಮಾಡಿದ ಆ ವಂಶದಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕಿದವರು ಒಬ್ಬರೂ ಇಲ್ಲ. ಹೊಸದು ಹೊಲಿಯುವುದೆಂದರೆ ಅವರಿಗೆ ಮಕ್ಕಳಾಟ.

ಅಕ್ಕನ ಅಂಗಡಿ ನನ್ನ ಕೊಡೆ ರಿಪೇರಿ ಅಂಗಡಿಗೆ ಎದುರು, ಮಹಡಿ ಮೆಟ್ಟಿಲಿನ ಕೆಳಗೆ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಬಿರುಕು ಬಿಟ್ಟ ನಿಲುಗನ್ನಡಿ, ಒಂದು ಬೆಂಚು, ಬೆಂಚಿನ ಮೇಲೆ ಗಂಡ. ಗುಂಡಿ ಹಾಕುವುದು, ಕಾಜಾ ಕಟ್ಟುವುದು ಅವನ ಕೆಲಸ. ಎಲ್ಲರಿಗೂ ಅವನು ಗುಂಡಿ ಭಾವ. ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ. ಗುಂಡಿಯಿಲ್ಲದಾಗಲೂ ಕಡಿಮೆಯೇ. ಮೆಟ್ಟಿಲಿನ ಕೆಳಗೆ ತಲೆಯೆತ್ತಿ ನಿಲ್ಲಲು ಜಾಗವಿಲ್ಲ. ಗಿರಾಕಿಗಳು ಬಗ್ಗಿ ಒಳಗೆ ಹೋಗಿ, ಬೈಸಿಕೊಂಡು, ಬಗ್ಗಿಯೇ ಹೊರಗೆ ಬರುತ್ತಿದ್ದರು.

ಅಕ್ಕ ಹಾಡುತ್ತಿದ್ದಳು. ಇಂಪಾದ ದನಿಯಲ್ಲ, ಸುಳ್ಳು ಹೇಳಿ ನನಗೇನಾಗಬೇಕು? ಭಾರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಹಾಗೆ ಶುರುವಾಗುತ್ತಿತ್ತು. ಆದರೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಆ ಪೆಟ್ಟಿಗೆಯೊಳಗೆ ಏನಿದೆಯೋ ನೋಡೇಬಿಡೋಣ ಅನ್ನಿಸುತ್ತಿತ್ತು. ಮೂರನೆಯ ಸಾಲಿಗೆ ನನ್ನ ಕೈಯಲ್ಲಿದ್ದ ಕೊಡೆಯ ಕಡ್ಡಿ ಜಾರಿ ಬೀಳುತ್ತಿತ್ತು.

ಹಾಡುತ್ತಿದ್ದದ್ದೆಲ್ಲ ಬೇರೆಯವರ ಹಾಡು. ರೇಡಿಯೋದಲ್ಲಿ ಒಂದು ಹಾಡು ಹಿಡಿಸಿತೆಂದರೆ ಅದನ್ನು ಬಟ್ಟೆಯ ಹಾಗೆಯೇ ಮಗುಚಿ, ಒಳಹೊಲಿಗೆ ನೋಡಿ, ಬಿಚ್ಚಿ ಹಾಕುತ್ತಿದ್ದಳು. ತನ್ನ ಮೈಗೆ ಕೂರದ ಮಾತಿಗೆಲ್ಲ ಕತ್ತರಿ. ಬೀದಿಯಲ್ಲಿ ಕತ್ತರಿ ಅಕ್ಕ ಎಂಬ ಹೆಸರು ಬಿದ್ದದ್ದು ಬಟ್ಟೆಯಿಂದಲ್ಲ, ಇದರಿಂದ.

"ಅಕ್ಕಾ, ಆ ಹಾಡಲ್ಲಿ ಬಳ್ಳಿಯಂಥ ಸೊಂಟ ಅಂತ ಒಂದು ಸಾಲಿತ್ತಲ್ಲ, ಎಲ್ಲಿ ಹೋಯ್ತು?" ಎಂದು ನಾನೊಮ್ಮೆ ಕೇಳಿದೆ.

"ನನಗೆಲ್ಲಿದೆ ಅಣ್ಣಾ ಅಂಥ ಸೊಂಟ? ಇಲ್ಲದ್ದನ್ನ ಇದೆ ಅಂತ ಹಾಡಿದ್ರೆ ಕೇಳೋರು ಹುಡುಕಲ್ವಾ?"

ಲಾಲಿ ಹಾಡುಗಳನ್ನು ದಡಬಡ ಓಡಿಸುತ್ತಿದ್ದಳು. ಮಗು ಹೆತ್ತವಳಿಗೆ ಎಳೆದೆಳೆದು ಹಾಡಲು ಪುರುಸೊತ್ತೆಲ್ಲಿದೆ ಎಂಬುದು ಅವಳ ವಾದ. ಕವಾಯತಿನ ಹಾಡನ್ನು ಎಷ್ಟು ನಿಧಾನ ಮಾಡಿದ್ದಳೆಂದರೆ, ಸೈನಿಕರು ಒಬ್ಬೊಬ್ಬರೇ ಹಿಂದಿರುಗಿ ಮನೆ ಕಡೆ ನೋಡಿಕೊಂಡು ಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು.

ಬೀದಿಯ ಕೊನೆಯ ಸಭಾಂಗಣದಲ್ಲಿ ಪ್ರತಿ ಶನಿವಾರ ಸಂಜೆ ವಾದ್ಯಮೇಳ. ಅದರ ಮೇಷ್ಟ್ರು ಕೀಬೋರ್ಡು ನುಡಿಸುವವರು, ತೆಳ್ಳಗೆ, ಯಾವಾಗಲೂ ಏನೋ ಕಳೆದುಕೊಂಡವರಂತೆ ಜೇಬು ಮುಟ್ಟಿಕೊಳ್ಳುವ ಮನುಷ್ಯ. ಅವರ ಮೇಳದಲ್ಲಿ ಅಕ್ಕನಿಗೊಂದು ಕುರ್ಚಿಯಿತ್ತು. ಕೂತೇ ಹಾಡಬೇಕು. ಯಂತ್ರ ತುಳಿಯುವ ಹಾಗೆ ಬಲಗಾಲು ಆಡುತ್ತಿದ್ದರೆ ಮಾತ್ರ ಅವಳ ಗಂಟಲು ತೆರೆಯುವುದು. ಆ ಕುರ್ಚಿಯೆಂದರೆ ಅವಳಿಗೆ ಪ್ರಾಣ. "ವಾರವೆಲ್ಲ ಮಂದಿ ನೋಡೋದು ನನ್ನ ಬೆನ್ನು. ಬಗ್ಗಿ ಹೊಲೀತಿರ್ತೀನಲ್ಲ. ಶನಿವಾರ ಒಂದಿನ ಮುಖ ನೋಡ್ತಾರೆ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಆ ಕುರ್ಚಿಗೇ ಸಂಚಕಾರ ಬಂದದ್ದು ಸೈಕಲ್ ಹಾಡಿನಿಂದ.

ಸೈಕಲ್ ಹಾಡು ಯಾರಿಗೆ ಗೊತ್ತಿರಲಿಲ್ಲ! ಹುಡುಗನೊಬ್ಬ ಸೈಕಲ್ಲಿನಲ್ಲಿ ಹೋಗುತ್ತಾ ಹುಡುಗಿಯನ್ನು ರೇಗಿಸುವ ಹಾಡು. "ಹಿಂದಿನ ಸೀಟು ಖಾಲಿ ಇದೆ" ಎನ್ನುವುದು, ಟ್ರಿಂಗ್ ಟ್ರಿಂಗ್ ಎಂದು ಗಂಟೆ ಹೊಡೆಯುವುದು, "ಹತ್ತಿ ಕೂರೇ ಹುಡುಗಿ" ಎನ್ನುವುದು, ಮತ್ತೆ ಟ್ರಿಂಗ್ ಟ್ರಿಂಗ್. ಹಲ್ಲಿಲ್ಲದ ಕೂಸಿನಿಂದ ಹಲ್ಲು ಬಿದ್ದ ಮುದುಕರವರೆಗೆ ಎಲ್ಲರ ಬಾಯಲ್ಲೂ ಅದೇ. ಅಕ್ಕ ಇದನ್ನೂ ಬಿಚ್ಚಿದ್ದಳು. ಗಂಟೆ ಕಿತ್ತು ಹಾಕಿ, ಹುಡುಗಿಯನ್ನೂ ಕಿತ್ತು ಹಾಕಿ, ಕೊನೆಗೆ ಉಳಿಸಿಕೊಂಡದ್ದು ಖಾಲಿ ಸೀಟನ್ನು. ಅದನ್ನು ಅವಳು ಹಾಡಿದರೆ ಮುಂದಿನ ಬೆಂಚಿನ ಗಂಡಸರು ಮೂಗು ಒರೆಸಿಕೊಂಡು ನೆಗಡಿಯ ಮೇಲೆ ಹಾಕುತ್ತಿದ್ದರು.

ಹೀಗಿರುವಾಗ ಒಂದು ದಿನ ಮೇಷ್ಟ್ರು ಓಡೋಡಿ ಬಂದರು. ಆತುರದಲ್ಲಿ ಬಗ್ಗುವುದನ್ನು ಮರೆತು ಮೆಟ್ಟಿಲಿಗೆ ಹಣೆ ಬಡಿಸಿಕೊಂಡರು.

"ಅಕ್ಕಾ, ಈ ಶನಿವಾರ ಯಾರು ಬರ್ತಿದಾರೆ ಗೊತ್ತಾ? ಸೈಕಲ್ ಹಾಡು ಹಾಡಿದವರೇ! ಖುದ್ದಾಗಿ! ಸಭಾಂಗಣದೋರು ಕರೆಸಿದಾರೆ."

"ಬರ್ಲಿ. ಕುರ್ಚಿ ಹಾಕಿಸಿ."

"ಅವರ ಹಾಡು ಅವರೆದುರಿಗೇ ಹಾಡ್ಬೇಕಂತೆ. ಅಕ್ಕಾ, ಕೈ ಮುಗೀತೀನಿ, ಹೇಗಿದೆಯೋ ಹಾಗೇ ಹಾಡಿ. ನಗ್ತಾ ನಗ್ತಾ. ನೀವು ಹಾಡೋ ಥರ ಹಾಡಿದ್ರೆ ನನ್ನ ಹಾಡನ್ನ ಯಾರ್ರೀ ಕೊಂದೋರು ಅಂತ ಎದ್ದು ಹೋಗ್ತಾರೆ. ಅವರು ಎದ್ರೆ ಸಭಾಂಗಣದೋರು ನನ್ನನ್ನ ಎಬ್ಬಿಸ್ತಾರೆ. ನಾನು ಎದ್ರೆ ನಿಮ್ಮ ಕುರ್ಚಿ ಎಲ್ಲಿ ಉಳಿಯುತ್ತೆ ಹೇಳಿ?"

ಅಕ್ಕನ ಕಾಲು ನಿಂತಿತು. ಯಂತ್ರವೂ ನಿಂತಿತು. "ಸರಿ ಮೇಷ್ಟ್ರೇ. ನಗ್ತೀನಿ ಬಿಡಿ" ಎಂದಳು. ಹರಳೆಣ್ಣೆ ಕುಡಿದವರ ಮುಖ ಅದಕ್ಕಿಂತ ಚೆನ್ನಾಗಿರುತ್ತದೆ.

ಮೇಷ್ಟ್ರು ತಮ್ಮ ಸೈಕಲ್ಲಿನ ಗಂಟೆಯನ್ನೇ ಬಿಚ್ಚಿ ತಂದು ಭಾವನ ಕೈಗಿಟ್ಟರು. "ಭಾವ, ನಿಮ್ಮ ಕೆಲಸ ಇಷ್ಟೇ. ಅಕ್ಕ ಖಾಲಿ ಇದೆ ಅಂದ ತಕ್ಷಣ ಟ್ರಿಂಗ್ ಟ್ರಿಂಗ್."

ಭಾವನಿಗೆ ಜೀವಮಾನದಲ್ಲಿ ಯಾರೂ ವೇದಿಕೆಯ ಕೆಲಸ ಕೊಟ್ಟಿರಲಿಲ್ಲ. ಬಾಯಿಯ ಗುಂಡಿಗಳನ್ನೆಲ್ಲ ಡಬ್ಬಿಗೆ ಉಗಿದು ಅಭ್ಯಾಸಕ್ಕೆ ಕೂತುಬಿಟ್ಟ. ಇಡೀ ವಾರ ಮೆಟ್ಟಿಲಿನ ಕೆಳಗಿನಿಂದ ಟ್ರಿಂಗ್ ಟ್ರಿಂಗ್. ಬೀದಿಯಲ್ಲಿ ಹೋಗುವವರು ಬಾರದ ಸೈಕಲ್ಲಿಗೆ ದಾರಿ ಬಿಟ್ಟು ಮೋರಿಯಂಚಿಗೆ ಹಾರುತ್ತಿದ್ದರು. ಅಂಚೆಯವನಂತೂ ಎರಡು ಸಲ ತಿರುಗಿ ನೋಡಿ ಬೈದ.

ಅಕ್ಕನ ಅಭ್ಯಾಸ ಮಾತ್ರ ಕೇಳುವ ಹಾಗಿರಲಿಲ್ಲ. ನಗುತ್ತಾ ಹಾಡಲು ಹೋದರೆ ಪೊಲೀಸರಿಗೆ ಕಳ್ಳತನದ ದೂರು ಹೇಳುತ್ತಿರುವ ಹಾಗೆ ಕೇಳುತ್ತಿತ್ತು. "ಏನೇ ಇವಳೇ, ಸೀಟು ಯಾರಾದ್ರೂ ಕದ್ರಾ?" ಎಂದು ಭಾವನೇ ಕೇಳಿಬಿಟ್ಟ. ಅಂಥವನ ಬಾಯಿಂದ ಮಾತು ಹೊರಟದ್ದೇ ಪರಿಸ್ಥಿತಿ ಎಲ್ಲಿಗೆ ಬಂತು ಎಂಬುದಕ್ಕೆ ಸಾಕ್ಷಿ.

"ಬೇರೆಯವರ ಅಂಗಿ ಹಾಕ್ಕೊಂಡ ಹಾಗಾಗ್ತಿದೆ ಕಣ್ರೀ. ಕಂಕುಳಲ್ಲಿ ಹಿಡಿಯುತ್ತೆ" ಎಂದಳು ಅಕ್ಕ.

ಶನಿವಾರ ಬಂತು. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ದೊಡ್ಡ ಗಾಯಕರು ಬಂದು ಕೂತರು. ಹಳೆಯ ಫೋಟೋಗಳಲ್ಲಿ ಕಂಡಂತೆ ಎದೆ ಸೆಟೆಸಿದ ಆಳಲ್ಲ, ಸಣಕಲು ಮುದುಕ. ಎಲ್ಲರೂ ಅವರ ಮುಖ ನೋಡಿದೆವು. ಅಕ್ಕ ನೋಡಿದ್ದು ಕೋಟನ್ನು. ಮುಂದಿನದು ಅವಳೇ ಆಮೇಲೆ ನನಗೆ ಹೇಳಿದ್ದು. ಕೋಟಿನ ಭುಜ ತೋಳಿನ ಮೇಲೆ ಇಳಿಬಿದ್ದಿತ್ತು. ಇತ್ತೀಚೆಗೆ ಸೊರಗಿದ ಮೈ, ಸರಿ ಮಾಡಿಸಿಕೊಳ್ಳಿ ಎಂದು ಹೇಳುವವರಿಲ್ಲ. ಕರಿ ಕೋಟಿಗೆ ಮುಂದುಗಡೆ ಒಂದು ಗುಂಡಿಯನ್ನು ನೀಲಿ ದಾರದಲ್ಲಿ ಹಾಕಿತ್ತು. ಹಾಕಿದ ಕೈ ಸೂಜಿ ಹಿಡಿದು ಗೊತ್ತಿಲ್ಲದ ಕೈ. ದಾರವನ್ನು ಗುಂಡಿಗೆ ಸುತ್ತಿ ಸುತ್ತಿ, ಗಂಟಿನ ಮೇಲೆ ಗಂಟು.

ಮೇಷ್ಟ್ರು ತಲೆಯಾಡಿಸಿದರು. ಕೀಬೋರ್ಡು ಕುಣಿಯತೊಡಗಿತು. ಅಕ್ಕ ಹಲ್ಲು ಬಿಟ್ಟು ಶುರು ಮಾಡಿದಳು. "ಹಿಂದಿನ ಸೀಟು ಖಾಲಿ ಇದೆ..."

ಭಾವ ಗಂಟೆಯನ್ನು ಎತ್ತಿ ಹಿಡಿದ. ಹೆಬ್ಬೆರಳು ಅದುಮಿದ. ಅದೇ ಗಳಿಗೆಯಲ್ಲಿ ಅಕ್ಕ ಅವನ ಕಡೆ ತಿರುಗಿ ಬೇಡ ಎಂದು ತಲೆಯಾಡಿಸಿದಳು. ಭಾವ ಗಾಬರಿಯಾಗಿ ಇನ್ನೊಂದು ಕೈಯಿಂದ ಗಂಟೆಯನ್ನು ಗಪ್ಪನೆ ಮುಚ್ಚಿಬಿಟ್ಟ. ಕತ್ತು ಹಿಸುಕಿದಂತೆ "ಟ್ರ" ಎಂದಷ್ಟೇ ಬಂತು.

ಆಮೇಲೆ ಸದ್ದಿಲ್ಲ. ಗಂಟೆ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಮೇಷ್ಟ್ರ ಬೆರಳು ಗಾಳಿಯಲ್ಲೇ ನಿಂತವು. ಅಕ್ಕನ ಬಲಗಾಲು ನಿಧಾನವಾಗಿ ತುಳಿಯತೊಡಗಿತು. ಅವಳು ಅದೇ ಸಾಲನ್ನು ಮತ್ತೆ ಹಾಡಿದಳು. ಈ ಸಲ ತನ್ನ ಅಳತೆಗೆ. ಹಿಂದಿನ ಸೀಟು ಖಾಲಿ ಇದೆ. ತಿರುಗಿ ನೋಡದೆಯೂ ಗೊತ್ತಾಗುತ್ತದೆ, ಸೈಕಲ್ಲು ಹಗುರವಾಗಿದೆ, ಏರು ಸಲೀಸಾಗಿದೆ. ಅಷ್ಟೇ. ಅದನ್ನೇ ಹಾಡಿದಳು, ಎಲ್ಲಿಯೂ ಅವಸರವಿಲ್ಲದೆ.

ಮುಗಿದಾಗ ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಮೇಷ್ಟ್ರು ಹತಾಶೆಯಿಂದ ಕೀಬೋರ್ಡಿನ ಮೇಲೆ ಹಣೆಯಿಟ್ಟರು. ಅದು "ಭೋಂ" ಎಂದು ಹಡಗಿನಂತೆ ಕೂಗಿಕೊಂಡಿತು. ಎಲ್ಲರೂ ಬೆಚ್ಚಿಬಿದ್ದೆವು.

ದೊಡ್ಡ ಗಾಯಕರು ಎದ್ದರು. ಒಬ್ಬೊಬ್ಬರನ್ನೇ ದಾಟಿಕೊಂಡು ವೇದಿಕೆ ಹತ್ತಿದರು. ಬಂತು ಗ್ರಹಚಾರ ಎಂದು ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ.

"ಇದು ಯಾರ ಹಾಡಮ್ಮಾ?" ಎಂದು ಕೇಳಿದರು.

"ತಮ್ಮದೇ ಸಾರ್, ತಮ್ಮದೇ! ತಪ್ಪಾಯ್ತು ಸಾರ್!" ಎಂದು ಮೇಷ್ಟ್ರು ಕೀಬೋರ್ಡಿನಿಂದ ತಲೆಯೆತ್ತದೆ ಕೂಗಿದರು.

"ನಂದಾ? ನನ್ನ ಹಾಡಲ್ಲಿ ಟ್ರಿಂಗ್ ಟ್ರಿಂಗ್ ಇತ್ತಲ್ರೀ?"

"ಅದನ್ನ ಕತ್ತರಿಸಿದೀನಿ ಯಜಮಾನ್ರೇ" ಎಂದಳು ಅಕ್ಕ.

ಮುದುಕ ಆ ನೀಲಿ ದಾರದ ಗುಂಡಿಯನ್ನು ಮುಟ್ಟಿಕೊಂಡರು. "ಜೀವಮಾನವೆಲ್ಲ ಹಾಡಿದೆನಲ್ಲ ತಾಯಿ. ಹಾಡಿದಷ್ಟೂ ದಿನ ಹಿಂದೆ ಕೂತಿದ್ಲು ನಮ್ಮನೆಯವಳು. ಸೀಟು ಖಾಲಿ ಅಂದ್ರೆ ಏನು ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡು."

ಮಾತು ತೋಚದಿದ್ದಾಗ ಅಕ್ಕ ಬೈಯುವುದು. "ಅದಿರ್ಲಿ, ಮೊದಲು ಆ ಕೋಟು ಬಿಚ್ಚಿ! ಯಾರು ಹಾಕಿದ್ದು ಈ ಗುಂಡಿ? ಇದೇನು ಗುಂಡಿಯಾ, ಜೇಡರ ಗೂಡಾ?"

"ನಾನೇ ಹಾಕಿದ್ದಮ್ಮಾ" ಎನ್ನುತ್ತಾ ಅವರು ಶಾಲೆಯ ಹುಡುಗನಂತೆ ಕೋಟು ಬಿಚ್ಚಿಕೊಟ್ಟರು. ಆಗ ಶುರುವಾಯಿತು ಚಪ್ಪಾಳೆ. ಭಾವ ತಡೆಯಲಾರದೆ ಗಂಟೆ ಹೊಡೆಯತೊಡಗಿದ. ಆಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು.

ಮಾರನೆಯ ದಿನ ಗಾಯಕರು ಕೋಟು ತೆಗೆದುಕೊಳ್ಳಲು ಬಂದರು. ಮೇಷ್ಟ್ರೂ ಹಿಂದೆಯೇ ಬಂದರು, ಈ ಸಲ ಜ್ಞಾಪಕದಿಂದ ಬಗ್ಗಿ. ಗಂಟೆ ಬೇಡವೆಂಬುದು ಮೊದಲಿನಿಂದಲೂ ತಮ್ಮದೇ ಸಲಹೆಯಾಗಿತ್ತೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರಂತೆ. ಅಕ್ಕನ ಕುರ್ಚಿಗೆ ಹೊಸ ದಿಂಬು ಹಾಕಿಸುತ್ತೇನೆಂದೂ ಘೋಷಿಸಿದರು. ನಾನು ಟೀ ತರಿಸಿ, ಅದರ ನೆಪದಲ್ಲಿ ಅಲ್ಲೇ ನಿಂತೆ.

ಗಾಯಕರು ಕೋಟು ತೊಟ್ಟು, ಬಿರುಕು ಕನ್ನಡಿಯಲ್ಲಿ ನೋಡಿಕೊಂಡರು. ಭುಜ ಭುಜದ ಮೇಲೆಯೇ ಕೂತಿತ್ತು. ಆಮೇಲೆ ಬೆಂಚಿನ ಮೇಲೆ ಭಾವನ ಪಕ್ಕ ಕೂತು, ಬಂದ ವಿಷಯ ಹೇಳಿದರು. ಅವರಿಗೆ ಬೇಕಾದ ಕವಿಗಳಿದ್ದಾರೆ, ರಾಗ ಹಾಕುವವರಿದ್ದಾರೆ. ಅಕ್ಕನಿಗೆಂದೇ ಹೊಸ ಹಾಡು ಬರೆಸುತ್ತಾರೆ. ಉಸಿರು ಹಿಡಿಯುವುದನ್ನು ಕಲಿಸಲು ಒಬ್ಬ ಗುರುವನ್ನು ಗೊತ್ತು ಮಾಡುತ್ತಾರೆ. ರೆಕಾರ್ಡು ಮಾಡಿಸುತ್ತಾರೆ. ಖರ್ಚೆಲ್ಲ ಅವರದ್ದೇ. ಮೇಷ್ಟ್ರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಭಾವ ಒಂದು ಗುಂಡಿ ನುಂಗಿದನೆಂದೇ ನನ್ನ ಅನುಮಾನ.

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು, ಯಂತ್ರದ ಮೇಲೆ ಕೈಯಿಟ್ಟಳು.

"ನಿಮ್ಮ ಮನಸ್ಸು ದೊಡ್ಡದು ಯಜಮಾನ್ರೇ, ಆದ್ರೆ ಬೇಡ. ನನ್ನ ಮುತ್ತಜ್ಜ ಹೊಸದು ಮುಟ್ಟಲಿಲ್ಲ, ನನ್ನಜ್ಜಿ ಮುಟ್ಟಲಿಲ್ಲ, ನಮ್ಮಪ್ಪ ಮುಟ್ಟಲಿಲ್ಲ. ಯಾರೂ ತೊಡದೇ ಇರೋ ಹಾಡು ತಂದುಕೊಟ್ರೆ ನಾನೇನು ಬಿಚ್ಚಲಿ? ಉಸಿರಿಗೆ ಗುರು ಯಾಕೆ, ಕಾಲಿದೆಯಲ್ಲ. ನಿಮ್ಮ ಹಳೇ ಹಾಡು ಇನ್ನೊಂದಿದ್ರೆ ಬಿಟ್ಟು ಹೋಗಿ. ಶನಿವಾರದೊಳಗೆ ಸರಿ ಮಾಡಿ ಇಟ್ಟಿರ್ತೀನಿ."